ಮನೆಯಲ್ಲೇ ಕಟ್ಟುವ ಕಾರು

ನಮ್ಮ ಸಂಜೆ ತರಗತಿಗೆ ಒಬ್ಬ ಅಕ್ಕ ಬರುತ್ತಾರೆ. ಹೋದ ವರ್ಷ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಹಾಕುತ್ತಾರೆ. ಬಸ್ಸಿನ ಬೋರ್ಡು ಓದುತ್ತಾರೆ. ಹಾಲಿನ ಡೇರಿ ಪಾಸ್‌ಬುಕ್ಕಿನ ಲೆಕ್ಕ ನೋಡುತ್ತಾರೆ. ಒಂದು ದಿನ ಪಾಠ ಮುಗಿದರೂ ಅವರು ಏಳಲಿಲ್ಲ. ಸ್ಲೇಟು ಹಿಡಿದು ಕೂತೇ ಇದ್ದರು.

"ಯಾಕಕ್ಕಾ, ಮನೆಗೆ ಹೋಗಲ್ವಾ?" ಅಂತ ಕೇಳಿದೆವು.

"ಟೀಚರ್, ನನ್ನ ಮಗ ಕಾರು ಕಟ್ತೀನಿ ಅಂತಾನೆ. ಕಾರನ್ನ ಮನೇಲಿ ಕಟ್ಟೋಕಾಗುತ್ತಾ?"

ಮಗನಿಗೆ ಹತ್ತೊಂಬತ್ತು ವರ್ಷ. ಪಿಯುಸಿ ಮುಗಿದಿದೆ. ಡ್ರೈವಿಂಗ್ ಲೈಸೆನ್ಸ್ ಹೊಸದಾಗಿ ಬಂದಿದೆ. ಅವನು ಮೊಬೈಲಿನಲ್ಲಿ ಇಂಗ್ಲೆಂಡಿನ ಒಬ್ಬ ಹುಡುಗನನ್ನು ನೋಡಿದ್ದಾನೆ. ಆ ಹುಡುಗ ಮನೆಯ ಹಿಂದಿನ ಶೆಡ್ಡಿನಲ್ಲಿ ಪೆಟ್ಟಿಗೆ ಬಿಚ್ಚುತ್ತಾನೆ. ಒಂದೊಂದೇ ಭಾಗ ಜೋಡಿಸುತ್ತಾನೆ. ಕೊನೆಗೆ ಕಾರು ಹತ್ತಿ ರಸ್ತೆಗೆ ಹೋಗುತ್ತಾನೆ. "ಹೊಸ ಕಾರಿಗಿಂತ ಅಗ್ಗ ಅಮ್ಮಾ, ನಾನೂ ಮಾಡ್ತೀನಿ" ಅಂತ ಇವನ ಹಟ. ಅಕ್ಕನ ಹತ್ತಿರ ಎರಡು ಹಸು ಮಾರಿದ 80,000 ರೂಪಾಯಿ ಇದೆ. ಮಗನ ಕಣ್ಣು ಅದರ ಮೇಲೆ.

"ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ ಅಕ್ಕ. ಅಂಥ ಕಾರು ಇದೆ" ಎಂದೆವು. ನಾಳೆ ಮಗನನ್ನೂ ಕರೆದುಕೊಂಡು ಬನ್ನಿ ಅಂದೆವು. ಆಮೇಲೆ ಮೂರು ಸಂಜೆ ಅದೇ ಮಾತಾಯಿತು. ಬೇರೆ ಅಕ್ಕಂದಿರೂ ಕೂತು ಕೇಳಿದರು. ಆ ಮಾತನ್ನೇ ಇಲ್ಲಿ ಬರೆದಿದ್ದೇವೆ.

ಕಿಟ್ ಕಾರು ಅಂದರೆ ಏನು?

ಅಂಗಡಿಯಲ್ಲಿ ಹೊಲಿದ ರವಿಕೆ ಸಿಗುತ್ತದೆ. ಕೊಂಡು ತಂದು ತೊಟ್ಟರಾಯಿತು. ಇನ್ನೊಂದು ದಾರಿಯೂ ಇದೆ. ಬಟ್ಟೆ, ಲೈನಿಂಗು, ಹುಕ್ಕು, ದಾರ ತರುವುದು. ಅಳತೆ ನೋಡಿ ನಾವೇ ಹೊಲಿದುಕೊಳ್ಳುವುದು. ಕಿಟ್ ಕಾರು ಈ ಎರಡನೆಯ ತರಹದ್ದು. ಕಿಟ್ ಅಂದರೆ ಒಂದು ವಸ್ತು ಮಾಡಲು ಬೇಕಾದ ಭಾಗಗಳ ಕಟ್ಟು. ಅದರಲ್ಲಿ ಕಬ್ಬಿಣದ ಕೊಳವೆಗಳಿಂದ ಮಾಡಿದ ಚೌಕಟ್ಟು ಇರುತ್ತದೆ. ಇದಕ್ಕೆ ಚಾಸಿಸ್ ಎನ್ನುತ್ತಾರೆ. ಮೇಲಿನ ಮೈ ಅಲ್ಯೂಮಿನಿಯಂ ತಗಡಿನದು, ಇಲ್ಲವೇ ಫೈಬರ್‌ನದು. ಕಂಪನಿ ಇಷ್ಟನ್ನು ಕೊಡುತ್ತದೆ. ಕೊಂಡವರು ಜೋಡಿಸಿಕೊಳ್ಳಬೇಕು.

ಎಂಜಿನ್ ಎಲ್ಲಿಂದ? ಅಗ್ಗದ ಕಿಟ್‌ನಲ್ಲಿ ಎಂಜಿನ್ ಇರುವುದಿಲ್ಲ. ಒಂದು ಹಳೆಯ ಕಾರು ಕೊಳ್ಳಬೇಕು. ಅದರ ಎಂಜಿನ್, ಗೇರು, ಚಕ್ರ, ಸ್ಟಿಯರಿಂಗ್ ಬಿಚ್ಚಿ ಇದಕ್ಕೆ ಕೂಡಿಸಬೇಕು. ಆ ಹಳೆಯ ಕಾರಿಗೆ ಅಲ್ಲಿ ದಾನಿ ಕಾರು ಎಂದೇ ಹೆಸರು. ರಕ್ತ ಕೊಡುವವರನ್ನು ನಾವು ದಾನಿ ಅನ್ನುತ್ತೇವಲ್ಲ, ಹಾಗೆ. ಆದರೆ ಈ ದಾನಿ ಕೊಟ್ಟ ಮೇಲೆ ಬದುಕುವುದಿಲ್ಲ. ಉಳಿದ ತಗಡು ಗುಜರಿಗೆ ಹೋಗುತ್ತದೆ.

ಇದು ಹುಟ್ಟಿದ್ದು ಹೇಗೆ?

ಕಾಲಿನ್ ಚಾಪ್‌ಮನ್ ಎಂಬ ಇಂಗ್ಲೆಂಡಿನ ಹುಡುಗ. 1948ರಲ್ಲಿ ಅವನಿಗೆ ಇಪ್ಪತ್ತು ವರ್ಷ. ಆಸ್ಟಿನ್ ಎಂಬ ಹಳೆಯ ಕಾರು ಬಿಚ್ಚಿ ತನ್ನದೇ ಕಾರು ಕಟ್ಟಿದ. ಎಲ್ಲಿ ಕಟ್ಟಿದ ಗೊತ್ತೇ? ತಾನು ಮುಂದೆ ಮದುವೆಯಾಗಲಿದ್ದ ಹುಡುಗಿಯ ತಂದೆ ತಾಯಿಯ ಮನೆ ಹಿಂದಿನ ಶೆಡ್ಡಿನಲ್ಲಿ. ಅವಳ ಹೆಸರು ಹೇಝಲ್. 1952ರಲ್ಲಿ ಅವನು ಲೋಟಸ್ ಎಂಬ ಕಾರಿನ ಕಂಪನಿ ಶುರು ಮಾಡಿದ. ಮೊದಲ ಬಂಡವಾಳ 25 ಪೌಂಡು ಕೊಟ್ಟವಳೂ ಹೇಝಲ್‌ಳೇ ಎನ್ನುತ್ತಾರೆ. ಪೌಂಡು ಅಂದರೆ ಅಲ್ಲಿನ ದುಡ್ಡು. ಇವತ್ತಿನ ಲೆಕ್ಕದಲ್ಲಿ ಒಂದು ಪೌಂಡಿಗೆ ನಮ್ಮ ನೂರು ರೂಪಾಯಿಗೂ ಮೇಲೆ.

ಇದನ್ನು ಹೇಳಿದಾಗ ಹಿಂದೆ ಕೂತ ಅಜ್ಜಿ ನಕ್ಕರು. "ಅಲ್ಲೂ ದುಡ್ಡು ಕೊಡೋರು ಹೆಂಗಸ್ರೇನಾ?" ಅಂದರು.

1957ರಲ್ಲಿ ಚಾಪ್‌ಮನ್ ಒಂದು ಚಿಕ್ಕ ಕಾರು ಮಾರಾಟಕ್ಕೆ ತಂದ. ಹೆಸರು ಲೋಟಸ್ ಸೆವೆನ್. ಬಾಗಿಲು ಇಲ್ಲ. ಮೇಲೆ ಗಟ್ಟಿ ಚಾವಣಿ ಇಲ್ಲ. ಇಬ್ಬರು ಕೂರಬಹುದು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಪೂರ್ತಿ ಸಿದ್ಧವಾದ ಕಾರು ಕೊಂಡರೆ ಖರೀದಿ ತೆರಿಗೆ ಬಹಳ. ಬಿಡಿಭಾಗ ಕೊಂಡು ಮನೆಯಲ್ಲಿ ಜೋಡಿಸಿದರೆ ಆ ತೆರಿಗೆ ಇಲ್ಲ. ಹಾಗಾಗಿ ಜನ ಪೆಟ್ಟಿಗೆಯಲ್ಲಿ ಕಾರು ಕೊಂಡರು.

ಇದರಲ್ಲೊಂದು ತಮಾಷೆಯ ಕತೆ ಇದೆ. ಕಾರಿನ ಜೊತೆ ಜೋಡಿಸುವ ವಿವರ ಬರೆದು ಕೊಡುವಂತಿಲ್ಲ ಎಂದು ನಿಯಮವಿತ್ತಂತೆ. ಚಾಪ್‌ಮನ್ ಏನು ಮಾಡಿದ? ಕಾರನ್ನು ಬಿಚ್ಚುವುದು ಹೇಗೆ ಎಂದು ಬರೆದು ಕೊಟ್ಟ. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡು ಜೋಡಿಸಿದರು! ಓದು ಬಂದರೆ ಹೀಗೂ ಉಪಯೋಗ ಉಂಟು ನೋಡಿ.

1973ರಲ್ಲಿ ಆ ಹಳೆಯ ತೆರಿಗೆ ಹೋಯಿತು. ಹೊಸ ತೆರಿಗೆ ಬಂತು. ಅದು ಬಿಡಿಭಾಗಕ್ಕೂ ಬಿತ್ತು. ಅಗ್ಗವಾಗಲು ಇದ್ದ ದೊಡ್ಡ ಕಾರಣ ಅಲ್ಲಿಗೆ ಮುಗಿಯಿತು. ಆದರೂ ಕಾರು ಕಟ್ಟುವ ಹುಚ್ಚು ನಿಲ್ಲಲಿಲ್ಲ. ಅದೇ ವರ್ಷ ಕೇಟರ್‌ಹ್ಯಾಮ್ ಎಂಬ ಕಂಪನಿ ಆ ಚಿಕ್ಕ ಕಾರು ಮಾಡುವ ಹಕ್ಕು ಪಡೆಯಿತು. ಇವತ್ತಿಗೂ ಮಾಡುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಎಂಬವರು ಒಂದು ಪುಸ್ತಕ ಬರೆದರು. ಕಿಟ್ ಕೂಡ ಬೇಡ, ಕಬ್ಬಿಣದ ಕೊಳವೆ ತಂದು ನೀವೇ ಕತ್ತರಿಸಿ ವೆಲ್ಡಿಂಗ್ ಮಾಡಿ, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಎಂಜಿನ್ ಹಾಕಿ, 250 ಪೌಂಡಿಗೇ ಕಾರು ಕಟ್ಟಬಹುದು ಎಂದು ಅದರಲ್ಲಿ ತೋರಿಸಿದರು. ಸಾವಿರಾರು ಮಂದಿ ಆ ಪುಸ್ತಕ ಕೊಂಡರು. ಕಟ್ಟಲು ಕೂತವರಲ್ಲಿ ಬಹಳ ಮಂದಿಗೆ ಅದರ ಹಲವು ಪಟ್ಟು ಖರ್ಚಾಯಿತು.

ಇಲ್ಲಿ ಹುಡುಗ ತಲೆ ಎತ್ತಿದ. "ಯಾಕೆ ಸರ್ ಅಷ್ಟಾಗುತ್ತೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ.

ಖರ್ಚು ಎಲ್ಲಿ ಅಡಗಿರುತ್ತದೆ?

ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಗೋಡೆ ಏಳುವ ತನಕ ಲೆಕ್ಕ ಸರಿ ಇರುತ್ತದೆ. ಆಮೇಲೆ ಕಿಟಕಿ, ಚಿಲಕ, ವೈರು, ನಲ್ಲಿ, ಬಣ್ಣ. ಒಂದೊಂದೂ ಚಿಕ್ಕದು. ಒಟ್ಟಿಗೆ ಸೇರಿದರೆ ಗೋಡೆಯಷ್ಟೇ ಆಗುತ್ತದೆ. ಕಾರಿನದೂ ಅಷ್ಟೇ. ಜಾಹೀರಾತಿನಲ್ಲಿ ಕಿಟ್‌ನ ಬೆಲೆ ಮಾತ್ರ ಇರುತ್ತದೆ. ಟೈರು ಬೇರೆ. ದೀಪ ಬೇರೆ. ಸೀಟು, ಕನ್ನಡಿ, ಬಣ್ಣ ಬೇರೆ. ಪಾನ, ಜ್ಯಾಕಿ, ಎಂಜಿನ್ ಎತ್ತುವ ಸರಪಳಿ ಬೇಕು. ಮಳೆ ಬೀಳದ ಶೆಡ್ಡು ಬೇಕು. ಹಳೆಯ ಕಾರಿನಿಂದ ಬಿಚ್ಚಿದ ಭಾಗ ತುಕ್ಕು ಹಿಡಿದಿದ್ದರೆ ಅದನ್ನೂ ಹೊಸದು ತರಬೇಕು.

ಕಾಲವೂ ಬಹಳ ಹಿಡಿಯುತ್ತದೆ. ಶನಿವಾರ, ಭಾನುವಾರ ಮಾತ್ರ ಕೆಲಸ ಮಾಡುವವರಿಗೆ ಒಂದು ವರ್ಷ, ಎರಡು ವರ್ಷ ಆಗುವುದುಂಟು. ಅರ್ಧ ಕಟ್ಟಿ ಬೇಸರ ಬಂದು, ಇಲ್ಲವೇ ದುಡ್ಡು ಮುಗಿದು, ಹಾಗೇ ಮಾರಿಬಿಡುವವರೂ ಇದ್ದಾರೆ. ಹಾಕಿದ ದುಡ್ಡಿನ ಅರ್ಧವೂ ಕೆಲವರಿಗೆ ಬರುವುದಿಲ್ಲ. ಇದರಿಂದ ಬುದ್ಧಿವಂತರು ಬೇರೆ ದಾರಿ ಹಿಡಿಯುತ್ತಾರೆ. ಬೇರೆಯವರು ಕಟ್ಟಿ ಮುಗಿಸಿ, ನಂಬರು ಮಾಡಿಸಿ, ಓಡಿಸಿದ ಕಿಟ್ ಕಾರನ್ನೇ ಕೊಳ್ಳುತ್ತಾರೆ. ಆದರೆ ಅಲ್ಲೂ ಕಾಗದ ನೋಡಬೇಕು. ಕೆಲವು ಕಾರಿನ ಕಾಗದದಲ್ಲಿ ಇನ್ನೂ ಹಳೆಯ ದಾನಿ ಕಾರಿನ ಹೆಸರೇ ಇರುತ್ತದೆ. ಕಣ್ಣೆದುರಿಗೆ ಇರುವ ಕಾರೇ ಬೇರೆ, ಕಾಗದದಲ್ಲಿ ಇರುವುದೇ ಬೇರೆ. ಅಂಥ ಕಾರು ಕೊಂಡವರು ಪೊಲೀಸರಿಗೂ ವಿಮೆ ಕಂಪನಿಗೂ ಉತ್ತರ ಹೇಳಬೇಕಾಗುತ್ತದೆ.

ಬ್ರೇಕಿನಲ್ಲಿ ಗಾಳಿ

ಕಾರು ಕಟ್ಟುವುದರಲ್ಲಿ ಓಡಿಸುವ ಕೆಲಸಕ್ಕಿಂತ ನಿಲ್ಲಿಸುವ ಕೆಲಸ ಕಷ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಬಾಡಿಗೆ ಕಾರು, ಟೆಂಪೋ ಹತ್ತುವ ನಮಗೂ ಇದು ಗೊತ್ತಿರಬೇಕು.

ಡ್ರೈವರ್ ಬ್ರೇಕ್ ತುಳಿಯುತ್ತಾನೆ. ತುಳಿದದ್ದು ಕಾಲಿನ ಹತ್ತಿರ. ನಿಲ್ಲಬೇಕಾದದ್ದು ನಾಲ್ಕು ಚಕ್ರ. ಆ ಒತ್ತಡವನ್ನು ಚಕ್ರದವರೆಗೆ ಒಯ್ಯುವುದು ಯಾವುದು? ಸಣ್ಣ ಕೊಳವೆಗಳಲ್ಲಿ ತುಂಬಿರುವ ಬ್ರೇಕ್ ಆಯಿಲ್. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ. ಆ ತುದಿಯಲ್ಲಿ ಒತ್ತಿದ್ದು ಈ ತುದಿಗೆ ಹಾಗೇ ಬರುತ್ತದೆ. ಗಾಳಿ ಹಾಗಲ್ಲ. ಸೈಕಲ್ ಪಂಪಿನ ಬಾಯಿಗೆ ಬೆರಳು ಮುಚ್ಚಿ ಒತ್ತಿ ನೋಡಿ. ಹಿಡಿ ಸ್ವಲ್ಪ ಒಳಗೆ ಹೋಗುತ್ತದೆ. ಒಳಗಿನ ಗಾಳಿ ಕುಗ್ಗಿತು ಎಂದರ್ಥ. ಬ್ರೇಕಿನ ಕೊಳವೆಯಲ್ಲಿ ಗಾಳಿಯ ಗುಳ್ಳೆ ಉಳಿದರೆ ಹೀಗೇ ಆಗುತ್ತದೆ. ಡ್ರೈವರ್ ತುಳಿದದ್ದು ಗುಳ್ಳೆ ಕುಗ್ಗಿಸುವುದಕ್ಕೇ ಮುಗಿದು ಹೋಗುತ್ತದೆ. ಚಕ್ರ ನಿಲ್ಲುವುದಿಲ್ಲ.

ಹೊಸದಾಗಿ ಕೊಳವೆ ಜೋಡಿಸಿದಾಗ ಒಳಗೆ ಗಾಳಿ ಇದ್ದೇ ಇರುತ್ತದೆ. ಅದನ್ನು ತೆಗೆಯಲು ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಪೆಡಲು ತುಳಿದು ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರದ ಸಣ್ಣ ತಿರುಪು ಸಡಿಲಿಸಿ, ಗುಳ್ಳೆ ಹೊರಗೆ ಬಿಟ್ಟು, ಮತ್ತೆ ಬಿಗಿ ಮಾಡಬೇಕು. ಆಮೇಲೆ ಪೆಡಲು ಬಿಡಬೇಕು. ಬರೀ ಆಯಿಲ್ ಬರುವ ತನಕ ನಾಲ್ಕೂ ಚಕ್ರಕ್ಕೆ ಹೀಗೇ. ಇಂಗ್ಲೆಂಡಿನ ಶೆಡ್ಡುಗಳಲ್ಲಿ ಪೆಡಲು ತುಳಿಯುವ ಕೆಲಸ ಅಮ್ಮಂದಿರ ಪಾಲಿಗೇ ಬರುತ್ತಿರಬಹುದು ಅಂತ ನಮ್ಮ ಊಹೆ.

ಈ ಒಂದು ಕೆಲಸ ತಪ್ಪಿದರೆ ಸಾಯುವುದು ಕಟ್ಟಿದವನೊಬ್ಬನೇ ಅಲ್ಲ. ಎದುರಿಗೆ ಬರುವ ಸೈಕಲಿನವನು, ರಸ್ತೆ ದಾಟುವ ಮಗು, ಎಲ್ಲರಿಗೂ ಅಪಾಯ. ಅದಕ್ಕೇ ಅಲ್ಲಿನ ಸರ್ಕಾರ ತಪಾಸಣೆ ಇಟ್ಟಿದೆ. 1998ರಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ಪರೀಕ್ಷೆ ಕಡ್ಡಾಯವಾಯಿತು. 2009ರಿಂದ ಅದರ ಬದಲು ಹೊಸ ಪರೀಕ್ಷೆ ಬಂತು. ತಪಾಸಣೆಯವರು ಬ್ರೇಕು, ದೀಪ, ಕನ್ನಡಿ, ಹೊಗೆ, ಶಬ್ದ ಎಲ್ಲವನ್ನೂ ನೋಡುತ್ತಾರೆ. ಸೀಟ್ ಬೆಲ್ಟು ಚೌಕಟ್ಟಿಗೆ ಗಟ್ಟಿಯಾಗಿ ಕೂತಿದೆಯೇ ನೋಡುತ್ತಾರೆ. ಕಾರಿನ ಹೊರಮೈಯಲ್ಲಿ ಚೂಪಾದ ಅಂಚು ಇದ್ದರೂ ಬಿಡುವುದಿಲ್ಲ. ಯಾಕೆ? ನಡೆದು ಹೋಗುವವರಿಗೆ ತಗುಲಿದರೆ ಸೀಳಬಾರದು ಅಂತ. ಪರೀಕ್ಷೆ ಪಾಸಾದರೆ ಮಾತ್ರ ನಂಬರು. ಹಳೆಯ ಭಾಗ ಸೇರಿಸಿ ಕಟ್ಟಿ, ಕಾರಿನ ವಯಸ್ಸು ಗೊತ್ತಾಗದೆ ಹೋದರೆ 'ಕ್ಯೂ' ಅಕ್ಷರದಿಂದ ಶುರುವಾಗುವ ನಂಬರು ಕೊಡುತ್ತಾರೆ. ನೋಡಿದವರಿಗೆ ಇದರ ಹುಟ್ಟು ಬೇರೆ ಅಂತ ಗೊತ್ತಾಗುತ್ತದೆ.

ಅಲ್ಲಿನ ಹುಡುಗರಿಗೆ ಇನ್ನೊಂದು ತಡೆ ಇದೆ. ವಿಮೆ. ಅಲ್ಲಿ ಹದಿನೇಳು ವರ್ಷಕ್ಕೆ ಕಾರು ಓಡಿಸಬಹುದು. ಆದರೆ ವಿಮೆ ಇಲ್ಲದೆ ರಸ್ತೆಗೆ ಬರುವಂತಿಲ್ಲ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗರಿಂದ ಅಪಘಾತ ಹೆಚ್ಚು. ಆದ್ದರಿಂದ ಅವರ ವಿಮೆ ಕಂತೂ ಹೆಚ್ಚು. ವರ್ಷಕ್ಕೆ ಸಾವಿರ ಪೌಂಡು ದಾಟುವುದು ಮಾಮೂಲು. ಕಿಟ್ ಕಾರು ಅಂದರೆ ಕೆಲವು ಕಂಪನಿಗಳು ಇಪ್ಪತ್ತೈದು ತುಂಬದವರಿಗೆ ವಿಮೆಯನ್ನೇ ಕೊಡುವುದಿಲ್ಲ. ಆ ಪುಸ್ತಕದ 250 ಪೌಂಡಿನ ಕಾರಿಗೆ ಒಂದು ವರ್ಷದ ವಿಮೆಯೇ ಅದರ ನಾಲ್ಕು ಪಟ್ಟು ಆದರೆ ಅಗ್ಗ ಎಲ್ಲಿ ಉಳಿಯಿತು? ಮೊಬೈಲಿನಲ್ಲಿ ಕಂಡ ಹುಡುಗ ಇದನ್ನು ಹೇಳಿರಲಿಲ್ಲ.

ನಮ್ಮಲ್ಲಿ ಕಟ್ಟಬಹುದೇ?

ಬೆಳಗಾವಿ ಜಿಲ್ಲೆ ದಾಟಿದರೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ಅಲ್ಲಿನ ಒಬ್ಬ ಕಮ್ಮಾರರು ಗುಜರಿ ಸಾಮಾನಿನಿಂದ ಪುಟ್ಟ ಕಾರು ಕಟ್ಟಿದರು. ಮಗನಿಗೆ ಕಾರು ಬೇಕು ಅಂತ ಆಸೆ ಇತ್ತಂತೆ. ಸುಮಾರು 60,000 ರೂಪಾಯಿ ಖರ್ಚಾಯಿತು. ಬೈಕಿಗೆ ಒದೆಯುವ ಹಾಗೆ ಒದ್ದು ಸ್ಟಾರ್ಟ್ ಮಾಡಬೇಕು. 2021ರ ಡಿಸೆಂಬರಿನಲ್ಲಿ ಈ ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು. ಮಹೀಂದ್ರ ಕಂಪನಿಯ ಆನಂದ್ ಮಹೀಂದ್ರ ಅವರು ಅದನ್ನು ಮೆಚ್ಚಿದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ಇದು ನಿಯಮಕ್ಕೆ ಸರಿಹೊಂದುವುದಿಲ್ಲ, ಇವತ್ತಲ್ಲ ನಾಳೆ ಅಧಿಕಾರಿಗಳು ಓಡಿಸದಂತೆ ತಡೆಯುತ್ತಾರೆ ಎಂದರು. ಆ ಕಾರಿಗೆ ಬದಲಾಗಿ ಒಂದು ಬೊಲೆರೊ ಗಾಡಿ ಕೊಡುತ್ತೇನೆ ಎಂದರು. 2022ರ ಜನವರಿಯಲ್ಲಿ ಕೊಟ್ಟೂ ಕೊಟ್ಟರು.

ಕಮ್ಮಾರರ ಕೈಕೆಲಸಕ್ಕೆ ಯಾರಾದರೂ ಕೈ ಮುಗಿಯಬೇಕು. ಆದರೆ ಕಾನೂನಿನ ಮಾತು ನಿಜ. ನಮ್ಮ ದೇಶದಲ್ಲಿ ರಸ್ತೆಗೆ ಬರುವ ಗಾಡಿಗೆ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆ ಹಾಗೆ ಹೇಳುತ್ತದೆ. ಕಂಪನಿಗಳು ಹೊಸ ಮಾದರಿಯ ಗಾಡಿ ಮಾಡಿದರೆ ಮೊದಲು ಪುಣೆಯಲ್ಲಿರುವಂಥ ಪರೀಕ್ಷಾ ಸಂಸ್ಥೆಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಒಂದೇ ಒಂದು ಕಾರು ಕಟ್ಟುವ ಹಳ್ಳಿ ಹುಡುಗನಿಗೆ ಇದು ಆಗದ ಮಾತು. ಹಳೆಯ ಕಾರು ಕೊಂಡು ಮೈಯನ್ನೇ ಬದಲಿಸುತ್ತೇನೆ ಅಂದರೂ ಆಗದು. ಕಂಪನಿ ಮಾಡಿದ ಗಾಡಿಯ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೊಲದಲ್ಲಿ, ಅಂಗಳದಲ್ಲಿ ಕಲಿಯಲು ಏನಾದರೂ ಕಟ್ಟಿ ನೋಡಲಿ. ಅದನ್ನು ರಸ್ತೆಗೆ ತಂದು ಯಾರಿಗಾದರೂ ಪೆಟ್ಟಾದರೆ ವಿಮೆ ಇಲ್ಲ. ಪರಿಹಾರ ಮನೆಯವರೇ ಕಟ್ಟಬೇಕು. 80,000 ಏನು, ಇರುವ ಜಮೀನೂ ಹೋದೀತು.

ಹುಡುಗ ಸಪ್ಪಗಾದ. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಹಳೇ ಕಾರು ತಗೊಳ್ಲಾ?" ಅಂದ. ಹತ್ತಿರದ ಪೇಟೆಯಲ್ಲಿ ಒಬ್ಬರು 75,000ಕ್ಕೆ ಕೊಡುತ್ತಾರಂತೆ.

ಆರ್‌ಸಿ ಓದುವುದು

ಹಳೆಯ ಕಾರು ಕೊಳ್ಳುವುದು ತಪ್ಪಲ್ಲ. ಆದರೆ ಕಾರು ನೋಡುವ ಮೊದಲು ಕಾಗದ ನೋಡಬೇಕು. ಅದರಲ್ಲಿ ಮುಖ್ಯವಾದದ್ದು ನೋಂದಣಿ ಪತ್ರ. ಎಲ್ಲರೂ ಆರ್‌ಸಿ ಅನ್ನುತ್ತಾರೆ. ಮೊದಲು ಪುಸ್ತಕದ ಹಾಗಿತ್ತು. ಈಗ ಕಾರ್ಡು. ಅದು ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅಂಕಿ ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಉಳಿದದ್ದಕ್ಕೆ ಮಗ ಇದ್ದಾನೆ.

ಚಾಸಿಸ್ ನಂಬರು ನೋಡಿ. ಈಚಿನ ಕಾರುಗಳಲ್ಲಿ ಅಕ್ಷರ, ಅಂಕಿ ಸೇರಿ ಹದಿನೇಳು ಇರುತ್ತವೆ. ಅದೇ ನಂಬರು ಕಾರಿನ ಕಬ್ಬಿಣದ ಮೇಲೂ ಕೊರೆದಿರುತ್ತದೆ. ಕೆಲವು ಕಾರಲ್ಲಿ ಬಾನೆಟ್ ಎತ್ತಿದರೆ ಕಾಣುತ್ತದೆ. ಕೆಲವದರಲ್ಲಿ ಸೀಟಿನ ಕೆಳಗೆ. ಕಾರ್ಡಿನ ಒಂದೊಂದು ಅಂಕಿಗೂ ಬೆರಳಿಟ್ಟು, ಕಬ್ಬಿಣದ ಮೇಲಿನದಕ್ಕೆ ಹೋಲಿಸಿ. ಒಂದು ಅಂಕಿ ತಪ್ಪಿದರೂ ಕದ್ದ ಗಾಡಿ ಇರಬಹುದು, ಎರಡು ಗಾಡಿ ಸೇರಿಸಿ ಮಾಡಿದ್ದೂ ಇರಬಹುದು. ಹಾಗೆ ಕಂಡರೆ ವ್ಯಾಪಾರ ಬೇಡ. ಎಂಜಿನ್ ನಂಬರೂ ಹೀಗೇ ನೋಡಬೇಕು. ನೋಂದಣಿ ಆದ ತಾರೀಖು ನೋಡಿ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಓ ಕಚೇರಿಗೆ ತೋರಿಸಿ, ಶುಲ್ಕ ಕಟ್ಟಿ ಮುಂದುವರಿಸಬೇಕು. 14 ವರ್ಷದ ಕಾರು ಅಗ್ಗಕ್ಕೆ ಸಿಗುವ ಗುಟ್ಟು ಇದೇ.

ಇನ್ನೊಂದು ಮುಖ್ಯ. ಕಾರ್ಡಿನಲ್ಲಿ ಬ್ಯಾಂಕಿನ ಹೆಸರೋ ಫೈನಾನ್ಸಿನ ಹೆಸರೋ ಇದೆಯೇ? ಇದ್ದರೆ ಆ ಗಾಡಿ ಸಾಲಕ್ಕೆ ಅಡ ಇದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರು ಸಹಿ ಮಾಡಿದ 35ನೇ ನಂಬರಿನ ಫಾರಂ ಬೇಕು. ನೋಂದಣಿಯನ್ನು ನಿಮ್ಮ ಹೆಸರಿಗೆ ಮಾಡಿಸಲು 29 ಮತ್ತು 30ನೇ ನಂಬರಿನ ಫಾರಂ. ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಬೇಕು. ಆಮೇಲೆ ಮಾಡಿಸೋಣ ಅಂತ ಬಿಡಬೇಡಿ.

ಮಾರುವವರಿಗೂ ಈ ಮಾತು ಅನ್ವಯಿಸುತ್ತದೆ. ಹೆಸರು ಬದಲಿಸದೆ ಮಾರಿದ ಗಾಡಿಯಿಂದ ಅಪಘಾತವಾದರೆ ನೋಂದಣಿಯಲ್ಲಿ ಹೆಸರಿರುವವರೇ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ಇದನ್ನು ಕೇಳಿ ಅಕ್ಕ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ನಮ್ಮ ಯಜಮಾನ್ರು ಮೊಪೆಡ್ ಮಾರಿ ನಾಲ್ಕು ವರ್ಷ ಆಯ್ತು. ಕಾಗದ ಇನ್ನೂ ಪೆಟ್ಟಿಗೇಲಿದೆ!" ಅಂದರು. ಮೊದಲು ಆ ಕೆಲಸ ಮುಗಿಸಿ ಅಂದೆವು.

ಮುಂದಿನ ಭಾನುವಾರ ತಾಯಿ ಮಗ ಪೇಟೆಗೆ ಹೋದರು. ಕಾರು ಬೆಳ್ಳಗೆ ಹೊಳೆಯುತ್ತಿತ್ತಂತೆ. ಮಗ ಸ್ಟಿಯರಿಂಗ್ ಹಿಡಿದು ಕೂತೇಬಿಟ್ಟ. ಅಕ್ಕ ಮಾತ್ರ ಕಾರ್ಡು ಕೇಳಿದರು. ಮಾರುವವನು ನಗುತ್ತಾ ಕೊಟ್ಟ. ಅಕ್ಕ ನೆಲದ ಮೇಲೆ ಕೂತು, ಒಂದೊಂದೇ ಅಂಕಿ ಓದಿ ಕಬ್ಬಿಣದ ಮೇಲಿನದಕ್ಕೆ ಹೋಲಿಸಿದರು. ಅಂಕಿ ಸರಿ ಇತ್ತು. ಕೊನೆಗೆ ಮಗನನ್ನು ಕರೆದು, ಕೆಳಗಿನ ಸಾಲಿನಲ್ಲಿ ಏನು ಬರೆದಿದೆ ಓದು ಅಂದರು. ಅದು ಒಂದು ಫೈನಾನ್ಸಿನ ಹೆಸರು. "ಸಾಲ ತೀರಿಸಿದ ಕಾಗದ ಎಲ್ಲಪ್ಪಾ?" ಅಂದರು. "ದುಡ್ಡು ಕೊಟ್ಟು ಹೋಗಿ, ಮುಂದಿನ ವಾರ ತರಿಸ್ತೀನಿ" ಅಂದನಂತೆ. "ಕಾಗದ ಬಂದ ದಿನ ನಾವೂ ಬರ್ತೀವಿ" ಅಂದು ಅಕ್ಕ ಎದ್ದರು. ಬಸ್ಸಿನಲ್ಲಿ ಮಗ ಮಾತಾಡಲಿಲ್ಲವಂತೆ. ಆ ವಾರ ಕಳೆಯಿತು. ಇನ್ನೂ ಎರಡು ವಾರ ಕಳೆಯಿತು. ಕಾಗದದ ಸುದ್ದಿ ಬರಲಿಲ್ಲ.

ಹುಡುಗ ಈಗ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿಗೆ ಕೆಲಸ ಕಲಿಯಲು ಹೋಗುತ್ತಾನೆ. ಮೊನ್ನೆ ದಾರಿಯಲ್ಲಿ ಸಿಕ್ಕಿದ. ಕೈಯೆಲ್ಲ ಗ್ರೀಸು. ಬ್ರೇಕಿನ ಗಾಳಿ ತೆಗೆಯುವುದು ಕಲಿತೆ ಅಂದ. ಪೆಡಲು ತುಳಿಯುವುದು ಅವನು. ತಿರುಪಿಗೆ ಕೈ ಹಚ್ಚಲು ಮೇಸ್ತ್ರಿ ಇನ್ನೂ ಬಿಟ್ಟಿಲ್ಲವಂತೆ.